ಸಾಹೇಬರ ನಾಯಿಗೆ ಹಳಿಯಾಳದ ರೊಟ್ಟಿ

ಪರರ ಮನೆಗೆ ಒಂದು ಗಂಟು ಕಳಿಸುವಾಗ ಅದರೊಳಗೆ ಯಾವುದು ಯಾರಿಗೆ ಎಂದು ಬಾಯಿಬಿಟ್ಟು ಹೇಳಿ ಕಳಿಸಿ. ‘ಅವರಿಗೇ ತಿಳಿಯುತ್ತದೆ’ ಎಂದು ಬಿಡಬೇಡಿ. ಯಾರಿಗೂ ಏನೂ ತಿಳಿಯುವುದಿಲ್ಲ. ಇಷ್ಟನ್ನು ಕಲಿಯುವ ಹೊತ್ತಿಗೆ ಹಳಿಯಾಳದಲ್ಲಿ ನಾನು ಕಟ್ಟಿ ನಿಲ್ಲಿಸಿದ ಖಾನಾವಳಿಯ ಒಲೆ ಆರುವುದರಲ್ಲಿತ್ತು. ನೆನೆದರೆ ಈಗಲೂ ಸಿಟ್ಟು ನೆತ್ತಿಗೇರುತ್ತದೆ. ಅದನ್ನು ಇಳಿಸಿಕೊಳ್ಳಲು ನಾನು ಇದನ್ನು ಬರೆಯುತ್ತಿಲ್ಲ. ಇಳಿಯಬಾರದೆಂದೇ ಬರೆಯುತ್ತಿದ್ದೇನೆ.

ಅದು ದೊಡ್ಡ ಯುದ್ಧದ ಕಾಲ. ಜೋಳ ಬೇಕೆಂದರೆ ಮಾಮಲೇದಾರ ಕಚೇರಿಯ ಪರವಾನಗಿ ಬೇಕು. ಪರವಾನಗಿಯ ಜೋಳದಲ್ಲಿ ಅರ್ಧ ಕಲ್ಲು, ಉಳಿದರ್ಧದಲ್ಲಿ ಹುಳ. ನನ್ನಲ್ಲಿ ಉಣ್ಣುವವರು ಹೆಚ್ಚಾಗಿ ದಾಂಡೇಲಿಯ ಅಡವಿಯಿಂದ ತೇಗದ ದಿಮ್ಮಿ ಹೊತ್ತು ತರುವ ಗಾಡಿಯವರು. ಮೈಮುರಿದು ದುಡಿದು ಬಂದವನ ಮುಂದೆ ಎಣಿಸಿ ರೊಟ್ಟಿ ಇಡಬೇಕಾದಾಗ ಬಡಿಸುವ ಕೈಗೆ ಎಷ್ಟು ನಾಚಿಕೆ ಎಂಬುದು ಬಡಿಸಿದವರಿಗೇ ಗೊತ್ತು. ಗಂಡ ಸತ್ತ ಮೇಲೆ ಆ ಒಲೆಯೊಂದೇ ನನ್ನ ಆಸ್ತಿ.

ಒಂದು ಸಂತೆಯ ದಿನ ದಾಂಡೇಲಿಯಿಂದ ಒಬ್ಬ ಬಟ್ಲರ್ ಊಟಕ್ಕೆ ಬಂದ. ಅಲ್ಲಿ ಸಾಹೇಬರ ಬಂಗಲೆಗಳು ಎರಡಿದ್ದವು. ಒಂದು ದಿಬ್ಬದ ಮೇಲೆ, ಇನ್ನೊಂದು ಕಾಳಿ ಹೊಳೆಯ ದಂಡೆಯಲ್ಲಿ. ಇವನು ದಿಬ್ಬದ ಬಂಗಲೆಯ ಅಡುಗೆಯವನು, ನಮ್ಮ ಹಳಿಯಾಳ ಸೀಮೆಯವನೇ. ತಟ್ಟೆಯ ಮುಂದೆ ಕೂತು ಗೊಣಗತೊಡಗಿದ.

“ವಿಲಾಯತಿಯಿಂದ ನಾಯಿ ಬಿಸ್ಕೀಟು ಬರೂದು ನಿಂತೈತ್ರಿ ಅಕ್ಕಾರ. ಹಡಗs ಬರೂದಿಲ್ಲಂತ. ಅನ್ನ ಹಾಕಿದ್ರ ಆ ನಾಯಿಗೋಳು ಅನ್ನಾ ಮೂಸಿ ನೋಡಿ, ನನ್ನ ಮಾರಿ ನೋಡ್ತಾವು. ಸಾಹೇಬನೂ ನನ್ನ ಮಾರೀನs ನೋಡ್ತಾನ.”

“ಆ ಬಿಸ್ಕೀಟು ಹೆಂಗಿರ್ತತಿ?” ಎಂದೆ.

ಅವನು ಅಂಗಿಯ ಕಿಸೆಯಿಂದ ಒಂದು ತುಂಡು ತೆಗೆದು ಕೊಟ್ಟ. ನಾಯಿಯ ಬಿಸ್ಕೀಟು ಇವನ ಕಿಸೆಯಲ್ಲಿ ಯಾಕಿತ್ತು ಎಂದು ನಾನು ಕೇಳಲಿಲ್ಲ. ಆದರೆ ಮರೆಯಲೂ ಇಲ್ಲ. ವ್ಯಾಪಾರ ಮಾಡುವವರು ಇಂಥವನ್ನು ಕೇಳಬಾರದು, ಮರೆಯಲೂಬಾರದು. ತುಂಡನ್ನು ಮುರಿದು ನೋಡಿದೆ. ಮಾಂಸದ ವಾಸನೆ ಬಂತು, ಬಾಯಿಗೆ ಹಾಕಲಿಲ್ಲ. ನಾವು ಲಿಂಗ ಕಟ್ಟಿದ ಜನ. ಆದರೆ ಮುರಿದಾಗ ಬಂದ ಸಪ್ಪಳ ನನಗೆ ಚೆನ್ನಾಗಿ ಗೊತ್ತಿರುವ ಸಪ್ಪಳ. ನಮ್ಮ ಖಡಕ್ ರೊಟ್ಟಿಯದೇ.

ಖಾನಾವಳಿಯಲ್ಲಿ ಮಧ್ಯಾಹ್ನದ ಊಟ ಮುಗಿದು ರಾತ್ರಿಯ ಊಟ ಶುರುವಾಗುವ ನಡುವೆ ಒಲೆಯಲ್ಲಿ ಕೆಂಡ ಸುಮ್ಮನೆ ಕೂತಿರುತ್ತದೆ. ಕಟ್ಟಿಗೆ ನನ್ನದು, ಕೆಂಡ ನನ್ನದು, ಸುಮ್ಮನೆ ಯಾಕೆ ಕೂರಬೇಕು? ಮೇಲಾಗಿ ದಿಮ್ಮಿಯ ಗಾಡಿಗಳು ದಾಂಡೇಲಿಗೆ ಹೋಗುವಾಗ ಖಾಲಿ ಹೋಗುತ್ತವೆ, ಬರುವಾಗಷ್ಟೇ ತುಂಬಿ ಬರುತ್ತವೆ. ಖಾಲಿ ಗಾಡಿಗೆ ಒಂದು ಗಂಟು ಭಾರವೇ? ನನ್ನಲ್ಲೇ ಉಣ್ಣುವ ಒಬ್ಬ ಗಾಡಿಯವನನ್ನು ಒಪ್ಪಿಸಿದೆ. ಅವನ ಬಾಡಿಗೆ ಎಂದರೆ ಹೋಗುವ ದಿನದ ಊಟ. ಹೊಸ ದಂಧೆ ಹೂಡುವವರಿಗೆ ನನ್ನ ಮಾತು ಇಷ್ಟೇ: ಹೊಸದಾಗಿ ಏನನ್ನೂ ಕೊಳ್ಳಬೇಡಿ, ನಿಮ್ಮ ಸುತ್ತ ಖಾಲಿ ಕೂತದ್ದು ಯಾವುದು, ಖಾಲಿ ಓಡುವುದು ಯಾವುದು ಎಂದು ಮೊದಲು ನೋಡಿ.

ಹೊಳೆ ಬಂಗಲೆಯ ಸಾಹೇಬನೇ ಇಬ್ಬರಲ್ಲಿ ದೊಡ್ಡವನು. ಅವನ ಗುಮಾಸ್ತನ ಜೊತೆ ಎರಡೂ ಬಂಗಲೆಯ ನಾಯಿಗಳಿಗೆ ಸೇರಿ ಕರಾರಾಯಿತು. ನಾನು ರೊಕ್ಕ ಕೇಳಲಿಲ್ಲ. ಜೋಳ ಕೇಳಿದೆ. ನಾಯಿಗಳಿಗೆ ಬೇಕಾದ ಜೋಳವನ್ನು ಸಾಹೇಬ ಮಂಜೂರು ಮಾಡಿಸಿ ಕೊಡಬೇಕು, ಅದರಲ್ಲಿ ನನ್ನ ಪಾಲು ಉಳಿಯಬೇಕು. ಗುಮಾಸ್ತ ಹುಬ್ಬು ಗಂಟಿಕ್ಕಿದ. ನಾನು ಎದ್ದು ನಿಂತೆ. ಅವನು ಕೂರಿಸಿದ. ಹಾಗೆ ಆಯಿತು.

ಆ ಜೋಳದ ಚೀಲ ಮೊದಲ ಸಲ ನನ್ನ ಬಾಗಿಲಿಗೆ ಬಂದ ದಿನವೇ ಸಿಟ್ಟು ಶುರುವಾಯಿತು ಎನ್ನಬೇಕು. ಪಡಿ ಅಂಗಡಿಯ ಮುಂದೆ ಹೆಂಗಸರು ಸೆರಗಿನಲ್ಲಿ ಬುಟ್ಟಿ ಮುಚ್ಚಿಕೊಂಡು ಸಾಲು ನಿಂತಿದ್ದರು. ಅವರ ಮುಂದಿನಿಂದಲೇ ಚೀಲ ಬಂತು. ಬಿಚ್ಚಿದರೆ ಬಿಳಿ ಜೋಳ, ಮುತ್ತಿನಂಥ ಕಾಳು, ಒಂದು ಕಲ್ಲಿಲ್ಲ. ಮನುಷ್ಯರಿಗೆ ಹುಳುಕು, ನಾಯಿಗೆ ಮುತ್ತು. ನಾನು ಆ ಮುತ್ತನ್ನು ಅದಲು ಬದಲು ಮಾಡಲಿಲ್ಲ ಎಂದರೆ ಯಾರೂ ನಂಬಲಿಕ್ಕಿಲ್ಲ. ಮಾಡಲಿಲ್ಲ. ಕರಾರು ಎಂದರೆ ಕರಾರು. ನನ್ನ ಪಾಲಿನ ಜೋಳವನ್ನು ಮಾತ್ರ ಗಾಡಿಯವರ ತಟ್ಟೆಗೆ ಹಾಕಿದೆ, ಎಣಿಸದೆ ಹಾಕಿದೆ.

ಕೆಲಸ ಅಂದುಕೊಂಡಷ್ಟು ಸಸಾರ ಇರಲಿಲ್ಲ. ನಾಯಿಗೆಂದು ಮೊದಲು ದಪ್ಪನೆಯ ರೊಟ್ಟಿ ಮಾಡಿಸಿದೆ. ಹೊರಗೆ ಗರಿಗರಿ, ಒಳಗೆ ಹಸಿ. ದಾಂಡೇಲಿಯ ತಂಪಿಗೆ ಅದು ಬೂಷ್ಟು ಹಿಡಿದು ಮರಳಿ ಬಂತು. ಆಮೇಲೆ ತೆಳ್ಳಗೆ ಬಡಿದು, ಹಂಚಿನ ಮೇಲೆ ಎರಡೂ ಮಗ್ಗಲು ಬೇಯಿಸಿ, ಒಲೆಯ ಬದಿಗೆ ಸಾಲಾಗಿ ನಿಲ್ಲಿಸಿ, ಸಂಜೆ ಕೆಂಡ ಬೂದಿಯಾಗುವಾಗ ಇನ್ನೊಂದು ಸಲ ಹಂಚಿಗೆ ಹಾಕಿದೆವು. ಹಿಟ್ಟು ಜರಡಿ ಹಿಡಿಯಲಿಲ್ಲ, ತೌಡು ಹಾಗೇ ಬಿಟ್ಟೆವು. ಶೇಂಗಾ ಹಿಂಡಿಯನ್ನು ಪುಡಿಮಾಡಿ ಬೆರೆಸಿದೆವು. ನನ್ನ ಒಲೆಯಲ್ಲಿ ಮಾಂಸ ಬೇಯುವುದಿಲ್ಲ ಎಂದು ಮೊದಲೇ ಹೇಳಿದ್ದೆ. ಅದರ ರಸದಲ್ಲಿ ರೊಟ್ಟಿ ನೆನೆಸಿ ಹಾಕುವುದು ಬಂಗಲೆಯ ಬಟ್ಲರರ ಕೆಲಸ. ನಾಯಿಗೆ ಬೇರೆ ಹಂಚು, ಹಿಟ್ಟು ನಾದಲು ಬೇರೆ ಕೊಣಮಿಗೆ. ಇಷ್ಟಾದರೂ “ನಾಯಿ ರೊಟ್ಟಿ ಖಾನಾವಳಿ” ಎಂದು ಎದುರು ಸಾಲಿನ ಅಂಗಡಿಯವನು ಹೆಸರಿಟ್ಟ. ಇಡಲಿ ಬಿಡು ಎಂದೆ. ರಾತ್ರಿಯಾದರೆ ಅವನೂ ಇಲ್ಲೇ ಬಂದು ಉಣ್ಣುತ್ತಿದ್ದ.

ರೊಟ್ಟಿ ಬಡಿಯುತ್ತಿದ್ದವಳು ನಮ್ಮ ಆಯಿ. ರಕ್ತಸಂಬಂಧವಲ್ಲ, ಖಾನಾವಳಿ ತೆಗೆದ ದಿನದಿಂದ ಜೊತೆಗಿದ್ದ ಮುದುಕಿ. ಅವಳ ಕೈಯಲ್ಲಿ ಗಂಟು ಕಟ್ಟುವ ಒಂದು ರೀತಿ ಇತ್ತು. ನಮ್ಮ ಕಡೆ ಎಲ್ಲರ ಕೈಯಲ್ಲೂ ಇರುತ್ತದೆ. ಹೊಲಕ್ಕಾಗಲಿ, ಊರಿಗಾಗಲಿ, ರೊಟ್ಟಿಯ ಬುತ್ತಿ ಹೊರಟಿತೆಂದರೆ ಜೊತೆಗೆ ಉಳ್ಳಾಗಡ್ಡಿ, ಒಂದು ಮುದ್ದೆ ಬಳ್ಳೊಳ್ಳಿ ಚಟ್ನಿ ಇರಲೇಬೇಕು. ನಾಯಿ ರೊಟ್ಟಿಯ ಗಂಟುಗಳಿಗೂ ಅವಳು ಅದನ್ನೇ ಸೇರಿಸಿ ಕಟ್ಟುತ್ತಿದ್ದಳು, ಕೈಬಿಚ್ಚಿ.

“ಆಯಿ, ನಾಯಿಗ್ಯಾಕ ಉಳ್ಳಾಗಡ್ಡಿ?” ಎಂದು ಒಮ್ಮೆ ಕೇಳಿದ್ದೆ.

“ನಾಯಿಗಲ್ಲ ನಮ್ಮವ್ವಾ, ಗಂಟಿಗೆ. ಬರೇ ರೊಟ್ಟಿ ಹೊಸ್ತಿಲಾ ದಾಟಿದ್ರ ಮನಿ ಬರಿದಾಗ್ತತಿ.”

“ಗಂಟು ತಿಂತತೇನು ಚಟ್ನಿ?”

“ಬಿಚ್ಚಿದವರು ತಿಂತಾರ. ನೀ ನಿನ್ನ ಕೆಲಸಾ ನೋಡ.”

ಉಳ್ಳಾಗಡ್ಡಿಗೆ ಹಳಿಯಾಳದಲ್ಲಿ ಆಗ ಬರವೇನೂ ಇರಲಿಲ್ಲ. ಮುದುಕಿಯ ಜೊತೆ ಯಾಕೆ ವಾದ ಎಂದು ಬಿಟ್ಟೆ. ಗಾಡಿ ಹೋಗತೊಡಗಿತು. ಸೋಮವಾರ ಮಾತ್ರ ಇಲ್ಲ. ಅಂದು ನಮ್ಮವರು ಎತ್ತಿನ ಹೆಗಲಿಗೆ ನೊಗ ಇಡುವುದಿಲ್ಲ. ಸಾಹೇಬ ಅದಕ್ಕೂ ಗೊಣಗಿದ. ರೊಟ್ಟಿ ಒಣಗಿದ್ದು, ಸೋಮವಾರದ ಪಾಲನ್ನು ಮುಂಚೆಯೇ ಕಳಿಸುತ್ತೇನೆ ಎಂದು ಹೇಳಿ ಕಳಿಸಿದೆ. ಹೀಗೆ ದಂಧೆ ಸರಿಯಾಗಿ ಕಾಲೂರಿತು ಎನ್ನುವಷ್ಟರಲ್ಲಿ ಗಾಡಿಯವನು ಒಂದು ದಿನ ಗಂಟನ್ನು ಬಿಚ್ಚದೆ ಹಾಗೇ ಮರಳಿ ತಂದು ಕಟ್ಟೆಯ ಮೇಲಿಟ್ಟ. ಇಟ್ಟವನು ದೂರ ಹೋಗಿ ನಿಂತ.

“ಹೊಳಿ ಬಂಗಲೆದಾಗ ನಾಯಿ ಮಲಗ್ಯಾವ್ರಿ ಅಕ್ಕಾರ. ಎದ್ದು ನಿಂದ್ರೂದಿಲ್ಲ. ಉಚ್ಚಿ ಕೆಂಪಗ ಹೋಗಾಕತ್ತೈತಿ, ರಕ್ತಧಂಗ. ನೀವು ರೊಟ್ಯಾಗ ವಿಷಾ ಹಾಕೀರಿ ಅಂತ ಸಾಹೇಬ ಕುಣ್ಯಾಕತ್ಯಾನ.”

“ನಿನಗೇನ ಅನಸ್ತತಿ?”

“ನಂದೇನೈತ್ರಿ...” ಎಂದು ಎತ್ತಿನ ಕೊರಳ ಹಗ್ಗ ಸರಿಪಡಿಸತೊಡಗಿದ. ಎಷ್ಟೋ ದಿನಗಳಿಂದ ನನ್ನ ರೊಟ್ಟಿ ತಿಂದ ಬಾಯಿ. ಅವತ್ತು ಊಟಕ್ಕೆ ಕೂರಲಿಲ್ಲ. ಹಸಿವಿಲ್ಲ ಎಂದ! ದಿಮ್ಮಿ ಎಳೆಸಿ ಬಂದವನಿಗೆ ಹಸಿವಿಲ್ಲವಂತೆ.

ಮರುದಿನ ಅರ್ಧ ತಟ್ಟೆಗಳು ಖಾಲಿ. ಅದರ ಮರುದಿನ ಕಚೇರಿಯ ಸಿಪಾಯಿ ಬಂದು ಬಾಗಿಲಲ್ಲೇ ನಿಂತು ಸಾರಿದ: ಸಾಹೇಬರ ಮನಸ್ಸಿಗೆ ಸಮಾಧಾನ ಆಗುವವರೆಗೆ ಖಾನಾವಳಿಯ ಜೋಳದ ಪರವಾನಗಿ ಬಂದ್. ಮಾಮಲೇದಾರರ ಮುಂದೆ ಹೋಗಿ ಕೇಳಿದೆ. ಅವರು ಕಾಗದದಿಂದ ತಲೆ ಎತ್ತಲಿಲ್ಲ.

“ಸಾಹೇಬರಿಗೆ ಹೇಳಿಕೊಳ್ಳಮ್ಮ. ಅವರು ಹೂಂ ಅಂದರೆ ನಂದೂ ಹೂಂ.”

“ರೊಟ್ಟಿ ತಿಂದು ಮನಷ್ಯಾರು ಯಾರರ ಸತ್ತಾರೇನ್ರಿ? ಊರೆಲ್ಲಾ ತಿಂದೈತಿ.”

“ಮನಷ್ಯಾರ ವಿಚಾರ ಅಲ್ಲವಲ್ಲ ಇದು” ಎಂದರು ಅವರು, ಬಹಳ ಸಮಾಧಾನದಿಂದ.

ಆ ಸಮಾಧಾನವನ್ನು ನಾನು ಸಾಯುವವರೆಗೂ ಮರೆಯುವುದಿಲ್ಲ. ಮನೆಗೆ ಬಂದು ಹಿಟ್ಟಿನ ಡಬ್ಬಿ ನೋಡಿದೆ. ಬರುವ ಸಂತೆಯವರೆಗೆ ತಳ್ಳಬಹುದು. ಆಮೇಲೆ ಒಲೆಗೆ ನೀರು. ಅಳುತ್ತಾ ಕೂತರೆ ಹಿಟ್ಟು ಹೆಚ್ಚುವುದಿಲ್ಲ. ಸೀರೆಯ ಕಚ್ಚೆ ಬಿಗಿದು, ನನ್ನ ಬುತ್ತಿ ನಾನೇ ಕಟ್ಟಿಕೊಂಡು, ಮುಖ ತಿರುಗಿಸಿದ್ದ ಆ ಗಾಡಿಯವನ ಗಾಡಿಯನ್ನೇ ಏರಿ ಕೂತೆ. ಇಳಿಯಿರಿ ಎನ್ನುವ ಧೈರ್ಯ ಅವನಿಗಾಗಲಿಲ್ಲ. ದಾರಿಯುದ್ದಕ್ಕೂ ಅವನು ಎತ್ತುಗಳ ಜೊತೆ ಮಾತಾಡಿದ, ನನ್ನ ಜೊತೆ ಮಾತಾಡಲಿಲ್ಲ.

ದಾಂಡೇಲಿಯ ಮಗ್ಗಲಿನ ಅಂಬೇವಾಡಿಯಲ್ಲಿ ಇಳಿದವಳು ನೇರ ಹೊಳೆ ಬಂಗಲೆಗೆ ಹೋಗಲಿಲ್ಲ. ಯಾರಾದರೂ ನಿಮ್ಮ ಮೇಲೆ ಆರೋಪ ಹೊರಿಸಿದರೆ ಅವರ ಬಾಗಿಲಿಗೆ ಮೊದಲು ಓಡಬೇಡಿ. ಕೈಯಲ್ಲಿ ಏನಾದರೂ ಹಿಡಿದುಕೊಂಡು ಹೋಗಿ. ನನ್ನ ಲೆಕ್ಕ ಸರಳವಾಗಿತ್ತು. ಒಂದೇ ಹಿಟ್ಟು, ಒಂದೇ ಹಂಚು, ಒಂದೇ ಗಾಡಿ, ಎರಡು ಬಂಗಲೆ. ದಿಬ್ಬದ ನಾಯಿಗಳು ಹೇಗಿವೆ?

ದಿಬ್ಬ ಏರುವ ಮೊದಲೇ ಉತ್ತರ ಬಂತು. ಎರಡು ನಾಯಿಗಳು ಬೊಗಳುತ್ತಾ ಓಡಿ ಬಂದು ನನ್ನ ಸೀರೆಯ ಅಂಚು ಕಚ್ಚಿ ಎಳೆದಾಡಿದವು. ಮೈ ಮಿರಿಮಿರಿ ಮಿಂಚುತ್ತಿತ್ತು. ನನ್ನ ರೊಟ್ಟಿಯಿಂದ ಮಿಂಚಿದ ಮೈ! ಹಾಗಾದರೆ ರೊಟ್ಟಿಯದಲ್ಲ. ಅಡುಗೆಮನೆಗೆ ಹೋದೆ. ಕಿಸೆಯಲ್ಲಿ ಬಿಸ್ಕೀಟು ಇಟ್ಟುಕೊಂಡಿದ್ದ ಬಟ್ಲರ್ ನನ್ನನ್ನು ಕಂಡು ಸೌಟು ಕೆಳಗಿಟ್ಟ.

“ನೀ ಹೆಂಗ ಹಾಕ್ತಿಯಪ್ಪಾ ನಾಯಿಗೆ?”

“ಮಾಂಸದ ನೀರಾಗ ರೊಟ್ಟಿ ನೆನಸ್ತೇನ್ರಿ. ಮೆತ್ತಗಾದ ಮ್ಯಾಲ ಹಾಕ್ತೇನಿ. ಅಷ್ಟs.”

“ಮತ್ತೇನೂ ಹಾಕೂದಿಲ್ಲ?”

“ಮತ್ತೇನ ಹಾಕ್ಲ್ಯಾ?” ಎಂದು ಕಿಟಕಿಯ ಕಡೆ ನೋಡಿದ. ನಾನೂ ನೋಡಿದೆ. ಕಿಟಕಿಯಲ್ಲಿ ಒಗೆದು ಒಣಹಾಕಿದ ಚಿಕ್ಕ ಚಿಕ್ಕ ಬಟ್ಟೆ ತುಂಡುಗಳು. ಆಯಿಯ ಹಳೆ ಸೀರೆಯ ತುಂಡುಗಳು, ಅವಳು ಚಟ್ನಿ ಕಟ್ಟುವಂಥವು. ಆ ಹೊತ್ತಿಗೆ ನನಗೆ ಅದರಲ್ಲಿ ಏನೂ ಹೊಳೆಯಲಿಲ್ಲ. ತಿಂದಿದ್ದಾನೆ, ತಿನ್ನಲಿ ಎಂದುಕೊಂಡು ದಿಬ್ಬ ಇಳಿದೆ.

ಹೊಳೆ ಬಂಗಲೆಯ ಬಟ್ಲರ್ ಬೇರೆಯೇ ಮನುಷ್ಯ. ಜೋಯ್ಡಾ ಕಡೆಯವನು, ಮನೆಮಾತು ಕೊಂಕಣಿ, ಹೆಂಗಸರನ್ನು ‘ಬಾಯಿ’ ಎಂದು ಕರೆಯುವವನು. ನಾಯಿಗಳ ಪಕ್ಕದಲ್ಲಿ ನೆಲಕ್ಕೆ ಕೂತು ಬಟ್ಟಲಿನಿಂದ ಗಂಜಿಯನ್ನು ಬೆರಳಲ್ಲಿ ತೆಗೆದು ಅವುಗಳ ತುಟಿಗೆ ಹಚ್ಚುತ್ತಿದ್ದ. ಮೊಣಕಾಲೆತ್ತರದ ಗಿಡ್ಡ ನಾಯಿಗಳು. ತುಟಿ ಎತ್ತಿ ತೋರಿಸಿದ. ವಸಡು ಬಿಳಿಚಿ ಸುಣ್ಣದ ಹಾಗಾಗಿತ್ತು. ಅವನೂ ನನ್ನನ್ನು ಬೈಯುತ್ತಾನೆ ಎಂದು ಕಾದೆ. ಬೈಯಲಿಲ್ಲ. ಅದೇ ಕೇಳಿದೆ: ಹೇಗೆ ಹಾಕುತ್ತಿದ್ದೆ?

“ಬಾಯಿ, ನೀವು ಕಳಿಸಿದ್ದರಲ್ಲಿ ಒಂದು ಚೂರು ನಾನು ಮುಟ್ಟಿಲ್ಲ. ರೊಟ್ಟಿ ಕುಟ್ಟಿ ಹಾಕಿದೆ. ಕಾಂದಾ ಸಣ್ಣ ಸಣ್ಣ ಹೆಚ್ಚಿ ಹಾಕಿದೆ. ಚಟ್ನಿ ಪೂರಾ ಕಲಸಿದೆ. ಖಾರ ಅಂತ ನಾಯಿ ಮೊದಮೊದಲು ಸೀನ್ತು. ಬೆಲ್ಲ ಹಾಕಿ ತಿನ್ನಿಸಿದೆ. ದಿನಾ, ಬಾಯಿ. ಒಂದು ದಿನ ತಪ್ಪಿಸಿಲ್ಲ.”

ಕಾಂದಾ ಎಂದರೆ ನಮ್ಮ ಉಳ್ಳಾಗಡ್ಡಿ. ನನ್ನ ತವರು ಮುಂಡಗೋಡ ಕಡೆಯ ಚಿಗಳ್ಳಿ. ನಾನು ಸಣ್ಣವಳಿದ್ದಾಗ ನಮ್ಮ ಎಮ್ಮೆಯೊಂದು ಹಗ್ಗ ಹರಿದುಕೊಂಡು ಕೊಳೆತ ಉಳ್ಳಾಗಡ್ಡಿಯ ರಾಶಿಗೆ ಬಾಯಿ ಹಾಕಿ, ಹೊಟ್ಟೆ ತುಂಬ ತಿಂದು, ಮುಂದೆ ದಿನಗಟ್ಟಲೆ ಕೆಂಪು ಉಚ್ಚೆ ಹೊಯ್ದು ನೆಲ ಹಿಡಿದದ್ದು ಕಣ್ಣ ಮುಂದೆ ಬಂತು. ಅವತ್ತೂ ಓಣಿಯ ಜನ ಯಾರೋ ವಿಷ ಹಾಕಿದರು ಎಂದೇ ಕೂಗಾಡಿದ್ದರು. ಎಮ್ಮೆಗೆ ಆದದ್ದು ಇಷ್ಟು ಗಿಡ್ಡ ನಾಯಿಗೆ ಆಗದೆ ಇರುತ್ತದೆಯೇ?

“ಇವತ್ತಿಂದ ಕಾಂದಾನೂ ಬ್ಯಾಡ, ಚಟ್ನೀನೂ ಬ್ಯಾಡ. ಬರೇ ಗಂಜಿ, ಮಾಂಸದ ನೀರು ಕೊಡು” ಎಂದೆ. ಅವನು ಯಾಕೆ ಎಂದು ಕೇಳಲಿಲ್ಲ. ಹೇಳಿದ್ದನ್ನು ಮಾಡುವುದು ಅವನ ಸ್ವಭಾವ. ಹೇಳದೆ ಇದ್ದದ್ದು ಅವನಿಗೆ ಇಲ್ಲವೇ ಇಲ್ಲ.

ಎಂಥ ಊರು ನೋಡಿ ಇದು! ಕದ್ದು ತಿಂದವನ ನಾಯಿಗಳು ಕುಣಿಯುತ್ತಿದ್ದವು. ಒಂದು ಚೂರೂ ಮುಟ್ಟದವನ ನಾಯಿಗಳು ಸಾಯಬಿದ್ದಿದ್ದವು. ನನಗೆ ಯಾರ ಮೇಲೆ ಸಿಟ್ಟಾಗಬೇಕೆಂದೇ ತಿಳಿಯಲಿಲ್ಲ. ಆಯಿಯ ಮೇಲೇ? ಅವಳು ಹೊಸ್ತಿಲ ಮಾನ ಕಾದವಳು. ಇವನ ಮೇಲೇ? ಕಳ್ಳನ ಮೇಲೇ?

ಸುಮ್ಮನೆ ಹೋಗಿ ಗುಮಾಸ್ತನಿಗೆ ಹೇಳಿದರೆ ಅವನು ಏನೆನ್ನುತ್ತಾನೆ ಗೊತ್ತಿತ್ತು. “ಗಂಟಿನಾಗ ಇಟ್ಟಾಕಿ ನೀನs ಅಲ್ಲೇನು?” ಎನ್ನುತ್ತಾನೆ. ಅಲ್ಲಿಗೆ ಮುಗಿಯಿತು. ಚಟ್ನಿ ನಾಯಿಗೆಂದು ಇಟ್ಟದ್ದಲ್ಲ ಎಂದು ಬೇರೆಯವರ ಬಾಯಿಂದ ಬರಬೇಕು. ಅದನ್ನು ಹೇಳಬಲ್ಲವನು ಒಬ್ಬನೇ. ಮತ್ತೆ ದಿಬ್ಬ ಏರಿದೆ.

“ನಾ ತಿಂದಿಲ್ರಿ ಅಕ್ಕಾರ. ಉಳವಿಯಪ್ಪನ ಆಣಿ.”

“ದೇವರನ್ನ ಬಿಡು. ಕಿಟಕ್ಯಾಗ ಆ ಅರಿಬಿ ಯಾರವು?”

ಬಟ್ಟೆ ತುಂಡುಗಳನ್ನು ನೋಡಿದ, ನನ್ನನ್ನು ನೋಡಿದ. ಮುಖ ಇಳಿಯಿತು.

“ನಾಯಿ ಪಾಲು ತಿಂದಾನಂದ್ರ ಸಾಹೇಬ ನನ್ನ ಒದ್ದು ಹೊರಗ ಹಾಕ್ತಾನ. ನನ್ನ ಅನ್ನಾ ಹೋಗ್ತತಿ.”

“ಹೇಳದಿದ್ರ ನನ್ನ ಒಲಿ ಹೋಗ್ತತಿ. ನಿನ್ನ ಅನ್ನಾ ದೊಡ್ಡದೋ ನನ್ನ ಒಲಿ ದೊಡ್ಡದೋ ಅಂತ ಬಡದಾಡೂದು ಬ್ಯಾಡ. ಕಳವು ಮಾಡೀನಿ ಅಂತ ಯಾಕ ಹೇಳ್ತಿ? ರೊಟ್ಟಿ ನಾಯೀದು, ಚಟ್ನಿ ಗಂಟು ಬಿಚ್ಚಿದವಂದು. ನಮ್ಮ ಕಡೆ ಪದ್ಧತಿ ಹಂಗs ಐತಿ. ನೀ ನಿನ್ನ ಪಾಲು ತಿಂದಿ. ಅದನ್ನs ಹೇಳು.”

“ಹಂಗಂತ ಯಾರ ಹೇಳ್ಯಾರ?”

“ನಮ್ಮ ಆಯಿ ಹೇಳ್ಯಾಳ. ನನ್ನ ಕಡೆ ನೋಡು, ನಾ ಸುಳ್ಳ ಹೇಳಾಕಿ ಹಂಗ ಕಾಣ್ತೇನೇನು?”

“ಕಾಣ್ತೀರ್ರಿ” ಎಂದ ಆ ಹಲ್ಕಟ್. ನಗು ಬಂತು, ನುಂಗಿಕೊಂಡೆ. ಆದರೆ ಅದು ಸುಳ್ಳಾಗಿರಲಿಲ್ಲ. ಬಿಚ್ಚಿದವರು ತಿನ್ನುತ್ತಾರೆ ಎಂದು ಆಯಿ ನಿಜಕ್ಕೂ ಹೇಳಿದ್ದಳು. ಒಬ್ಬನಿಂದ ಸತ್ಯ ಬೇಕಾದರೆ ಅವನಿಗೆ ನಿಲ್ಲಲು ಒಂದಿಷ್ಟು ಜಾಗ ಕೊಡಬೇಕು. ಮೂಲೆಗೆ ಒತ್ತಿದರೆ ಆಣೆಯೊಂದೇ ಹೊರಗೆ ಬರುತ್ತದೆ.

ಗುಮಾಸ್ತನಿಗೆ ಹೇಳಿ ಕಳಿಸಿ, ಮರುದಿನ ಹೊಳೆ ಬಂಗಲೆಯ ಪಡಸಾಲೆಯ ಮುಂದೆ ನಾನೂ ಇಬ್ಬರು ಬಟ್ಲರರೂ ನಿಂತೆವು. ಪಡಸಾಲೆಯ ಮೇಲಲ್ಲ, ಮುಂದೆ, ಬಿಸಿಲಲ್ಲಿ. ನಾಯಿಗಳಿಗೆ ನೆರಳಿತ್ತು, ಕಂಬಳಿ ಇತ್ತು. ಸಾಹೇಬ ಕುರ್ಚಿಯಲ್ಲಿ ಕಾಲು ಚಾಚಿ ಕೂತಿದ್ದ. ಹಳಿಯಾಳದ ದನದ ಡಾಕ್ಟರನ್ನೂ ಕರೆಸಿದ್ದರು. ಗುಮಾಸ್ತ ನಡುವೆ ನಿಂತು ಇಬ್ಬರ ಮಾತನ್ನೂ ತಿರುಗಿಸಿ ಹೇಳಬೇಕು. ನಾನು ಹಿಟ್ಟಿನಿಂದ ಹಿಡಿದು ಎಲ್ಲವನ್ನೂ ಹೇಳಿದೆ. ತಂದಿದ್ದ ನಾಯಿ ರೊಟ್ಟಿಯನ್ನು ಸಾಹೇಬನ ಕಣ್ಣೆದುರಿಗೇ ಮುರಿದು ನಾನೇ ತಿಂದೆ. ಗುಮಾಸ್ತ ನನ್ನ ಅಷ್ಟು ಮಾತನ್ನು ಒಂದು ಕೆಮ್ಮಿನಷ್ಟು ಮಾಡಿ ಸಾಹೇಬನಿಗೆ ಕೊಟ್ಟ.

“ನಾ ಹೇಳಿದ್ದು ಅಷ್ಟs ಏನ್ರಿ?” ಎಂದೆ.

“ಬೇಕಾದಷ್ಟು ಹೇಳೇನಿ.”

“ಯಾರಿಗೆ ಬೇಕಾದಷ್ಟು?”

ದನದ ಡಾಕ್ಟರು ಗಂಟಲು ಸರಿಪಡಿಸಿಕೊಂಡು, ಉಳ್ಳಾಗಡ್ಡಿ ತಿಂದ ದನ ಹೀಗೆ ಮಾಡುವುದನ್ನು ತಾವೂ ನೋಡಿದ್ದಾಗಿ ಇಂಗ್ಲಿಷಿನಲ್ಲಿ ಹೇಳಿದರು. ಅದನ್ನು ಸಾಹೇಬ ಕೇಳಿದ. ದಿಬ್ಬದ ಬಟ್ಲರನನ್ನು ಮುಂದೆ ಕರೆದರು. ನನ್ನ ಕಡೆ ಒಂದು ಸಲ ನೋಡಿ, ಹೇಳಿಬಿಟ್ಟ.

“ಚಟ್ನಿ, ಉಳ್ಳಾಗಡ್ಡಿ ನಾನs ತಿಂದೆ ಸಾಹೇಬ. ಅದು ಗಂಟು ಬಿಚ್ಚಿದವನ ಪಾಲು. ನಮ್ಮ ಕಡೆ ಪದ್ಧತಿ. ನಮ್ಮ ನಾಯಿಗೋಳಿಗೆ ಬರೇ ರೊಟ್ಟಿ ಹಾಕೀನಿ. ಕುಣ್ಯಾಕತ್ತಾವು, ಬೇಕಾದ್ರ ನೋಡ್ರಿ.”

ಸಾಹೇಬ ಹೂಂ ಎಂದ. ಅಷ್ಟೇ ಸಾಕಾಗಿತ್ತು, ನನ್ನ ಒಲೆ ಉಳಿಯಿತು. ಒಂದು ಉಸಿರು ಬಿಡುವಷ್ಟೇ ಹೊತ್ತು. ಸಾಹೇಬ ಆಮೇಲೆ ತನ್ನ ಬಟ್ಲರನ ಕಡೆ ತಿರುಗಿದ. ನೀನು ಈರುಳ್ಳಿ ಹಾಕಿದೆಯಾ ಎಂದು ಕೇಳಿದ. ಇಲ್ಲ ಎಂದಿದ್ದರೆ, ಗೊತ್ತಿಲ್ಲ ಎಂದಿದ್ದರೆ, ಚಟ್ನಿಯನ್ನು ನಾಯಿಯೇ ಕದ್ದಿತು ಎಂದಿದ್ದರೂ ಆಗುತ್ತಿತ್ತು. ಅವನು ಕೈಕಟ್ಟಿ ನಿಂತು ಹೇಳಿದ: ಹಾಕಿದೆ ಸಾಹೇಬ, ದಿನಾ ಹಾಕಿದೆ.

ಸಾಹೇಬ ಬೆರಳಿನಿಂದ ಗೇಟು ತೋರಿಸಿದ.

“ಏನ್ರಿ ಇದು ನ್ಯಾಯ? ಕಳಿಸಿದಾಕಿ ನಾನು. ಅವಗ ಯಾರೂ ಹೇಳಿಲ್ಲ. ಕೊಟ್ಟದ್ದನ್ನ ಕೊಟ್ಟಂಗ ನಾಯಿಗೆ ಹಾಕಿದವನ್ನ ಹೊರಗ ಹಾಕ್ತೀರಿ? ಇಂಥವನು ಸಿಗೂದಿಲ್ಲ ನಿಮಗ! ಹೇಳ್ರಿ ಅವಗ, ಹೇಳ್ರಿ!” ಎಂದು ಗುಮಾಸ್ತನ ಮೇಲೆ ಕೂಗಿದೆ.

“ನಿನ್ನ ಕೆಲಸ ಆತಲ್ಲ, ಹೋಗಬಾ” ಎಂದ ಗುಮಾಸ್ತ. ನನ್ನ ಮಾತಿನಲ್ಲಿ ಒಂದಕ್ಷರವನ್ನೂ ಅವನು ತಿರುಗಿಸಿ ಹೇಳಲಿಲ್ಲ. ಬದಲಿಗೆ ಸಾಹೇಬನ ಅಪ್ಪಣೆ ತಿಳಿಸಿದ: ಪರವಾನಗಿ ಮತ್ತೆ ಚಾಲೂ, ರೊಟ್ಟಿಯೂ ಚಾಲೂ ಆಗಬೇಕು, ಈ ಬಂಗಲೆಯ ಅಡುಗೆಯನ್ನೂ ಸದ್ಯಕ್ಕೆ ದಿಬ್ಬದವನೇ ನೋಡಿಕೊಳ್ಳುತ್ತಾನೆ. ಆ ದಿಬ್ಬದವನಿಗೂ ಒಂಥರಾ ಆಯಿತು. ತಲೆ ಕೆಳಗೆ ಹಾಕಿದ.

ಹಗ್ಗ ಅಲ್ಲಿಗೇ ಬಿಟ್ಟಿದ್ದರೆ ನಾನು ವ್ಯಾಪಾರದವಳೇ ಅಲ್ಲ. ಅಷ್ಟರಲ್ಲಿ ಗಂಜಿಯ ಬಟ್ಟಲನ್ನು ದಿಬ್ಬದವನ ಕೈಗೆ ಕೊಟ್ಟಿದ್ದರು. ಅವನು ಬಗ್ಗಿ ಬೆರಳು ಚಾಚಿದ. ನಾಯಿ ಮುಖ ತಿರುಗಿಸಿತು. ಇನ್ನೊಂದು ಸಲ ಚಾಚಿದ. ಗುರ್ ಎಂದಿತು. ಗೇಟಿನವರೆಗೆ ಹೋಗಿದ್ದ ಹಳೆಯ ಬಟ್ಲರ್ ನಿಂತು ನೋಡುತ್ತಿದ್ದ. ನಾಯಿ ಅವನನ್ನೇ ನೋಡುತ್ತಿತ್ತು. ಸಾಹೇಬನೂ ಅದನ್ನು ಕಂಡ. ಇದೇ ಹೊತ್ತು ಎಂದುಕೊಂಡೆ. ಎದುರಿನವನಿಗೆ ಏನು ಬೇಕೆಂದು ಅವನ ಮುಖದಲ್ಲಿ ಕಂಡ ಕ್ಷಣ ನಿಮ್ಮ ದರ ಹೇಳಬೇಕು. ಅದಕ್ಕೆ ಮುಂಚೆ ಹೇಳಿದರೆ ಭಿಕ್ಷೆ, ಆಮೇಲೆ ಹೇಳಿದರೆ ಜಗಳ.

ಈ ಸಲ ಗುಮಾಸ್ತನಿಗಲ್ಲ, ದನದ ಡಾಕ್ಟರಿಗೆ ಹೇಳಿದೆ. “ಡಾಕ್ಟರ್‌ಸಾಹೇಬ್ರ, ನೀವು ಇಂಗ್ಲೀಷಿನ್ಯಾಗ ಹೇಳ್ರಿ. ರೊಟ್ಟಿ ಕಳಸ್ತೇನಿ. ಆದ್ರ ರೊಟ್ಟಿ ತರೂ ಮನಷ್ಯಾ ನನ್ನವ. ತಂದು, ನೆನಸಿ, ತಾನs ನಿಂತು ತಿನ್ನಿಸಿ ಹೋಗ್ತಾನ. ಅವನ ಪಗಾರ ಸಾಹೇಬ ಕೊಡೂದು ಬ್ಯಾಡ, ಅವನ ಹೊಟ್ಟಿ ನನ್ನದು. ಜೋಳ ಮಾತ್ರ ಅವನ ಪಾಲಿಂದು ಹೆಚ್ಚಿಗಿ ಬರಬೇಕು. ಇಲ್ಲಂದ್ರ ರೊಟ್ಟೀನs ಇಲ್ಲ. ವಿಲಾಯತಿಯಿಂದ ಹಡಗ ಬರೂತನಕ ಕಾಯ್ರಿ ಅಂತ ಹೇಳ್ರಿ.”

ಡಾಕ್ಟರು ಪೂರಾ ಹೇಳಿದರು. ಹಡಗಿನದ್ದನ್ನೂ ಹೇಳಿದರು ಎಂದು ಕಾಣುತ್ತದೆ, ಸಾಹೇಬನ ಕಿವಿ ಕೆಂಪಾಯಿತು. ನಾಯಿ ಕುಯ್ ಎಂದಿತು. ಸಾಹೇಬ ಎದ್ದು ಒಳಗೆ ಹೋಗುತ್ತಾ ಕೈ ಬೀಸಿದ. ಆ ಬೀಸಿದ ಕೈಗೆ ಒಪ್ಪಿಗೆ ಎಂದು ಅರ್ಥ ಮಾಡಿದವಳು ನಾನು. ಯಾರೂ ಅಲ್ಲ ಎನ್ನಲಿಲ್ಲ.

“ನಿನ್ನ ಮನುಷ್ಯಾ ಯಾರು?” ಎಂದ ಗುಮಾಸ್ತ.

ನಾನು ಗೇಟಿನ ಕಡೆ ಬೆರಳು ತೋರಿಸಿದೆ, ಸಾಹೇಬ ತೋರಿಸಿದ ಹಾಗೇ.

ನಾಯಿಗಳು ನಿಧಾನವಾಗಿ ಎದ್ದವು. ವಸಡು ಕೆಂಪಾಯಿತು. ಅದಕ್ಕೆ ಸಾಹೇಬ ದನದ ಡಾಕ್ಟರನ್ನು ಹೊಗಳಿದನಂತೆ, ಹೊಗಳಲಿ. ನನ್ನ ಖಾನಾವಳಿಗೆ ಜನ ಮರಳಿ ಬಂದರು. ಗಾಡಿಯವನೂ ಹಸಿವು ಮರಳಿದವನ ಹಾಗೆ ಬಂದು ಕೂತ. ಒಂದು ವಾರ ಅವನಿಗೆ ರೊಟ್ಟಿ ಎಣಿಸಿಯೇ ಹಾಕಿದೆ. ತಪ್ಪು ಎಂದು ನನಗೆ ಈಗಲೂ ಅನಿಸುವುದಿಲ್ಲ.

ಆಯಿಗೆ ನಡೆದದ್ದನ್ನೆಲ್ಲ ಹೇಳಿ, ಇನ್ನು ಮುಂದೆ ಆ ಗಂಟಿಗೆ ಉಳ್ಳಾಗಡ್ಡಿ ಬೇಡ ಎಂದೆ. ಅವಳು ಕೈಯಲ್ಲಿದ್ದ ರೊಟ್ಟಿ ಬಡಿದು ಹಂಚಿಗೆ ಹಾಕಿದಳು. ಆಮೇಲೆ, “ಬರೇ ರೊಟ್ಟಿ ನಾ ಕಳಸೂದಿಲ್ಲ, ನೀ ಏನರ ಮಾಡ್ಕೋ” ಎಂದಳು. ಕೊನೆಗೆ ಒಪ್ಪಂದವಾಯಿತು: ನಾಯಿಯ ಗಂಟು ಬೇರೆ. ಗಂಟಿನ ಹೊರಗೆ, ಮೇಲಿನ ಕುಣಿಕೆಗೆ ಕಟ್ಟಿದ ಪುಟ್ಟ ಬಟ್ಟೆಯಲ್ಲಿ ಜನರು ತಿನ್ನುವ ರೊಟ್ಟಿ, ಉಳ್ಳಾಗಡ್ಡಿ, ಚಟ್ನಿ.

ನಮ್ಮ ಹೊಸ ಮನುಷ್ಯ ಮೊದಲ ಸಲ ಗಂಟು ಒಯ್ದು, ನಾಯಿಗಳಿಗೆ ತಿನ್ನಿಸಿ, ಮರುದಿನ ದಿಮ್ಮಿಯ ಗಾಡಿಯ ಹಿಂದೆ ನಡೆದು ಬಂದ. ಧೂಳು ತಲೆಯವರೆಗೆ. ಬಂದವನೇ ಆ ಪುಟ್ಟ ಬಟ್ಟೆಯನ್ನು ಬಿಚ್ಚದೆ, ಆಯಿ ಕಟ್ಟಿದ ಗಂಟು ಹಾಗೇ ಇರುವಂತೆ, ಎರಡೂ ಕೈಯಲ್ಲಿ ನನ್ನ ಮುಂದೆ ಹಿಡಿದ.

“ಬಾಯಿ, ಇದು ಉಳೀತು.”

ನನಗೆ ಬಂದ ಸಿಟ್ಟು! ಅಷ್ಟು ದೂರದ ದಾರಿ, ಹಸಿದ ಹೊಟ್ಟೆ, ಕೈಯಲ್ಲಿ ಬುತ್ತಿ. “ಅದು ನಿನಗ ಅಲ್ಲೇನೋ! ತಿನ್ನಾಕ ಕಟ್ಟೀವಿ!”

“ನನಗೆ ಅಂತ ಯಾರೂ ಹೇಳಲಿಲ್ಲ.”

ಆಯಿ ಒಲೆಯ ಮುಂದೆ ಕೈ ನಿಲ್ಲಿಸಿ ನೋಡುತ್ತಿದ್ದಳು.

“ನಾ ಹೇಳಾಕತ್ತೇನಿ. ಇದು ನಿನಗ. ದಿನಾ ನಿನಗ.”

ಅವನು ಕಟ್ಟೆಯ ಮೇಲೆ ಕೂತು ಬಟ್ಟೆ ಬಿಚ್ಚಿದ. ರೊಟ್ಟಿ ಮುರಿದ. ಚಟ್ನಿಯನ್ನು ಒಂದು ಬದಿಗೆ ಸರಿಸಿದ. ಉಳ್ಳಾಗಡ್ಡಿಯನ್ನು ಎತ್ತಿಕೊಂಡು ನನ್ನ ಕಡೆ ನೋಡಿದ.

“ಕಾಂದಾ ಸುದ್ಧಾ?”

“ಕಾಂದಾ ಸುದ್ಧಾ” ಎಂದೆ.

ಮುಷ್ಟಿಯಿಂದ ಗುದ್ದಿ ಒಡೆದು, ತಿನ್ನತೊಡಗಿದ.